ಕಂಪ್ರೆಸರ್ ಪ್ಲಗಿನ್ ಹಾಕಿದಾಗ ಸದ್ದು ಒಡೆಯುತ್ತಿದ್ದರೆ ಕಾರಣ ಹುಡುಕುವ ಕ್ರಮ

ಕಂಪ್ರೆಸರ್ (ಜೋರಾದ ಭಾಗಗಳ ಮಟ್ಟವನ್ನು ತಾನಾಗಿ ತಗ್ಗಿಸುವ ಪ್ಲಗಿನ್) ಹಾಕಿದ ಟ್ರ್ಯಾಕಿನಲ್ಲಿ ಗರಗರ ಸದ್ದು ಕೇಳಿಸಿದರೆ ಮೊದಲು ಪ್ಲಗಿನ್ನನ್ನು ಬೈಪಾಸ್ ಮಾಡಿ, ಅಂದರೆ ಸಿಗ್ನಲ್ ಅದನ್ನು ಹಾಯದಂತೆ ಮಾಡಿ, ಕೇಳಬೇಕು. ಆಗಲೂ ಸದ್ದು ಉಳಿದರೆ ದೋಷ ಕಂಪ್ರೆಸರಿನದಲ್ಲ, ಬೇರೆಡೆಯದು. ಬೈಪಾಸಿನಲ್ಲಿ ಸ್ವಚ್ಛವಾಗಿದ್ದರೆ ಆ ಭಾಗವನ್ನಷ್ಟೇ ರೆಂಡರ್ ಮಾಡಿ (ಹೊಸ ಆಡಿಯೊ ಫೈಲಾಗಿ ಉಳಿಸಿ) ಕೇಳಿ. ಪ್ಲೇ ಮಾಡುವಾಗ ಬರುವ ಚಟಪಟ ಸದ್ದು ರೆಂಡರ್ ಆದ ಫೈಲಿನಲ್ಲಿ ಇಲ್ಲವಾದರೆ, ಕಂಪ್ಯೂಟರಿಗೆ ಲೆಕ್ಕ ಮುಗಿಸಲು ಸಮಯ ಸಾಲುತ್ತಿಲ್ಲ. ಬಫರನ್ನು (ಕಂಪ್ಯೂಟರ್ ಒಮ್ಮೆಗೆ ಲೆಕ್ಕ ಹಾಕುವ ಸದ್ದಿನ ತುಣುಕು) 128ರಿಂದ 512 ಸ್ಯಾಂಪಲ್‌ಗೆ ಏರಿಸಿ ನೋಡಿ.

ರೆಂಡರಿನಲ್ಲೂ ಉಳಿಯುವ ಒಡಕಿಗೆ, ಅದರಲ್ಲೂ ಮಂದ್ರ ಸ್ವರಗಳಲ್ಲಿ, ನಾನು ಮೊದಲು ಅನುಮಾನಿಸುವುದು ರಿಲೀಸ್ ಸಮಯವನ್ನು, ಅಂದರೆ ತಗ್ಗಿಸಿದ ಮಟ್ಟವನ್ನು ಮರಳಿ ಬಿಡಲು ಕಂಪ್ರೆಸರ್ ತೆಗೆದುಕೊಳ್ಳುವ ಸಮಯವನ್ನು. ಬೇಸ್ ಗಿಟಾರಿನ ದಪ್ಪ ಇ ತಂತಿಯ ಸ್ವರ ಸುಮಾರು 41 ಹರ್ಟ್ಸ್, ಅಂದರೆ ಅಲೆಯ ಒಂದು ಸುತ್ತಿಗೆ 24 ಮಿಲಿಸೆಕೆಂಡ್ ಬೇಕು. ಅಟ್ಯಾಕ್ (ಮಟ್ಟ ತಗ್ಗಿಸಲು ತೆಗೆದುಕೊಳ್ಳುವ ಸಮಯ) 1 ಮತ್ತು ರಿಲೀಸ್ 5 ಮಿಲಿಸೆಕೆಂಡ್ ಇದ್ದರೆ ಕಂಪ್ರೆಸರ್ ನುಡಿಸಾಣಿಕೆಯ ಏರಿಳಿತವನ್ನು ಬಿಟ್ಟು ಅಲೆಯ ಏರಿಳಿತವನ್ನೇ ಹಿಂಬಾಲಿಸತೊಡಗುತ್ತದೆ. ಅಲೆಯ ಮೇಲ್ತುದಿ, ಕೆಳತುದಿ ಎರಡರಲ್ಲೂ ಗೇನ್ (ಮಟ್ಟವನ್ನು ಏರಿಸಿ ಇಳಿಸುವ ಪ್ರಮಾಣ) ತಗ್ಗುವುದರಿಂದ ಅದು ಸೆಕೆಂಡಿಗೆ 82 ಸಲ ಅಲುಗಿ, 123 ಹರ್ಟ್ಸ್‌ನಲ್ಲಿ ಮೂರನೆಯ ಹಾರ್ಮೋನಿಕ್ಕನ್ನು (ಮೂಲ ಸ್ವರದ ಮೂರು ಪಟ್ಟು ಆವರ್ತನ) ಹುಟ್ಟಿಸುತ್ತದೆ. ಗೇನ್ ರಿಡಕ್ಷನ್ ಮೀಟರನ್ನು ಇಲ್ಲಿ ನಂಬುವಂತಿಲ್ಲ, ಇಷ್ಟು ವೇಗದ ನಡುಕ ಅದರಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. 41 ಹರ್ಟ್ಸ್‌ನ ಸೈನ್ ಅಲೆಯನ್ನು ಕಂಪ್ರೆಸರಿಗೆ ಕೊಟ್ಟು, ಅದರ ನಂತರ ಸ್ಪೆಕ್ಟ್ರಮ್ ಅನಲೈಸರ್ (ಯಾವ ಆವರ್ತನ ಎಷ್ಟಿದೆ ಎಂದು ತೋರಿಸುವ ಸಾಧನ) ಹಾಕಿಕೊಂಡು ರಿಲೀಸನ್ನು 100 ಮಿಲಿಸೆಕೆಂಡಿನತ್ತ ಏರಿಸುತ್ತ ಹೋದರೆ 123ರ ಗೆರೆ ಇಳಿಯುವುದು ಕಣ್ಣಿಗೇ ಕಾಣುತ್ತದೆ. ರಿಯಾಕಾಂಪ್‌ನಂಥ ಪ್ಲಗಿನ್‌ಗಳಲ್ಲಿ ಆರ್‌ಎಂಎಸ್ ಅವಧಿ (ಸದ್ದಿನ ಸರಾಸರಿ ಮಟ್ಟ ಅಳೆಯುವ ಅವಧಿ) ಹೆಚ್ಚಿಸಿದರೂ ಇದೇ ಫಲ ಸಿಗುತ್ತದೆ. ಡಿಟೆಕ್ಟರಿಗೆ (ಕಂಪ್ರೆಸರಿನಲ್ಲಿ ಮಟ್ಟ ಅಳೆಯುವ ಭಾಗಕ್ಕೆ) ಹೈಪಾಸ್ (ಮಂದ್ರ ಸ್ವರ ತಡೆಯುವ ಫಿಲ್ಟರ್) ಹಾಕುವುದು ಇಡೀ ಮಿಕ್ಸಿಗೆ ಒಳ್ಳೆಯ ಉಪಾಯ, ಆದರೆ ಬೇಸ್ ಟ್ರ್ಯಾಕಿಗೇ ಹಾಕಿದರೆ ಕಂಪ್ರೆಸರ್ ಕೇಳಬೇಕಾದ ಸ್ವರವನ್ನೇ ಕೇಳದಂತಾಗುತ್ತದೆ.

ಜೋರಾದ ಜಾಗಗಳಲ್ಲಿ ಮಾತ್ರ ಒಡೆಯುತ್ತಿದ್ದರೆ ಆಟೋ ಮೇಕಪ್ಪನ್ನು (ತಗ್ಗಿದ ಮಟ್ಟವನ್ನು ತಾನೇ ಮತ್ತೆ ಏರಿಸುವ ಆಯ್ಕೆ) ಆಫ್ ಮಾಡಿ, ಮಾಸ್ಟರ್ ಫೇಡರನ್ನು 6 ಡೆಸಿಬೆಲ್ ಇಳಿಸಿ. ಒಡಕು ಹೋದರೆ ಅದು ಕೊನೆಯ ಹಂತದ ಕ್ಲಿಪ್ಪಿಂಗ್: 32 ಬಿಟ್ ಫ್ಲೋಟ್‌ನಲ್ಲಿ ಸೊನ್ನೆ ಡೆಸಿಬೆಲ್ (ಡಿಜಿಟಲ್ ಗರಿಷ್ಠ ಮಟ್ಟ) ದಾಟಿದರೂ ಕೆಡದ ಸಿಗ್ನಲ್, 24 ಬಿಟ್ ಫೈಲಿಗೋ ಸೌಂಡ್ ಕಾರ್ಡಿಗೋ ಹೋಗುವಾಗ ಕತ್ತರಿಸಿಹೋಗುತ್ತದೆ. ಹೋಗದಿದ್ದರೆ ಪ್ಲಗಿನ್ ಒಳಗಿನ ಸ್ಯಾಚುರೇಶನ್ (ಮಟ್ಟ ಏರಿದಾಗ ಬೇಕೆಂದೇ ಸೇರಿಸುವ ಒಡಕು) ಇರಬಹುದು, ಇನ್‌ಪುಟ್ ತಗ್ಗಿಸಿ.

ತಾಳ, ಸಿಂಬಲ್‌ಗಳ ಮೇಲೆ ಶ್ರುತಿಗೆ ಸೇರದ ಕೀರಲು ಕೇಳಿಸಿದರೆ ಅದು ಏಲಿಯಾಸಿಂಗ್ ಇರಬಹುದು. 48 ಕಿಲೋಹರ್ಟ್ಸ್ ಪ್ರಾಜೆಕ್ಟಿನಲ್ಲಿ 10 ಕಿಲೋಹರ್ಟ್ಸ್ ಸ್ವರದ ಮೂರನೆಯ ಹಾರ್ಮೋನಿಕ್ಕಾದ 30, ಮಿತಿಯಾದ (ಸ್ಯಾಂಪಲ್ ದರದ ಅರ್ಧ) 24ನ್ನು ಮೀರಿ, ಮಡಚಿಕೊಂಡು 18ಕ್ಕೆ ಬಂದು ಕೂರುತ್ತದೆ. ಓವರ್‌ಸ್ಯಾಂಪ್ಲಿಂಗ್ (ಪ್ಲಗಿನ್ ಒಳಗೆ ಹೆಚ್ಚಿನ ಸ್ಯಾಂಪಲ್ ದರದಲ್ಲಿ ಲೆಕ್ಕ ಹಾಕುವುದು) ಇದನ್ನು ತಗ್ಗಿಸುತ್ತದೆ. ಬೇಸಿನ 123 ಹರ್ಟ್ಸ್‌ಗೆ ಮಾತ್ರ ಅದರಿಂದ ಏನೂ ಆಗದು, ಅಲ್ಲಿ ರಿಲೀಸನ್ನೇ ಸರಿಪಡಿಸಬೇಕು.