ಗಡಿನಾಡಿನ ಕನ್ನಡ ಶಾಲೆಯಲ್ಲಿ ವಿಶೇಷ ಅಗತ್ಯದ ಮಕ್ಕಳು: ಟೀಚರು, ಹೆಡ್‌ಮಾಸ್ಟರು ತಯಾರಾಗುವುದು ಹೇಗೆ?

ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆ ಪಾಠ ಮಾಡುವವರಿಗೆ ಈ ವಿಷಯ ಹೊಸದಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸುವುದು 2000ದಲ್ಲಿ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು. ಆದರೆ ನಡೆಯಲು ಕಷ್ಟಪಡುವ, ಮಾತು ಬಾರದ, ಫಿಟ್ಸ್ ಬರುವ ಮಕ್ಕಳು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ. ಕೆಲವರು ಇಂಥ ಮಕ್ಕಳಿಗೆಂದೇ ಇರುವ ಬಡ್ಸ್ ಶಾಲೆಗೆ ಹೋಗುತ್ತಾರೆ, ಉಳಿದವರು ನಮ್ಮ ಕ್ಲಾಸಿನಲ್ಲೇ ಕೂರುತ್ತಾರೆ. ಎಂಡೋಸಲ್ಫಾನಿಗೆ ಸಂಬಂಧವೇ ಇಲ್ಲದೆ ಕಿವಿ ಸರಿ ಕೇಳದವರು, ಅಕ್ಷರ ಜೋಡಿಸಲು ಒದ್ದಾಡುವವರು ಎಲ್ಲ ಶಾಲೆಯಲ್ಲೂ ಇರುತ್ತಾರೆ. ವಿಕಲಚೇತನರಿಗಾಗಿ ಬಂದ 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯ ಇತ್ತು, 2016ರ ಕಾಯ್ದೆಯಲ್ಲಿ 21 ಇದೆ, ಕಲಿಕಾ ವೈಕಲ್ಯವೂ ಅದರಲ್ಲಿ ಸೇರಿದೆ. ಹಾಗಾಗಿ 'ನಮ್ಮ ಶಾಲೆಯಲ್ಲಿ ಅಂಥವರಿಲ್ಲ' ಅಂತ ಯಾರಾದರೂ ಹೇಳಿದರೆ, ಇನ್ನೂ ಸರಿಯಾಗಿ ನೋಡಿಲ್ಲ ಅಂತಲೇ ಅರ್ಥ.

ಬಿಆರ್‌ಸಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ತರಬೇತಿಗೆ ಹೋಗುವ ಮೊದಲು ನಿಮ್ಮ ಕ್ಲಾಸಿನ ಮಗುವನ್ನು ನೋಡಿ. ಎರಡು ವಾರ ಒಂದು ನೋಟ್‌ಬುಕ್ ಇಟ್ಟುಕೊಂಡು ಕಂಡದ್ದನ್ನು ಕಂಡ ಹಾಗೆ ಬರೆಯಿರಿ. 'ಮಂದ', 'ಗಮನ ಇಲ್ಲ' ಅಂತ ಬರೆದರೆ ಪ್ರಯೋಜನ ಇಲ್ಲ. 'ಬೋರ್ಡ್ ನೋಡಿ ಬರೆಯುವುದಿಲ್ಲ, ಪಕ್ಕದವನ ಪುಸ್ತಕ ನೋಡಿ ತಪ್ಪಿಲ್ಲದೆ ಬರೆಯುತ್ತಾನೆ' ಅಂತ ಬರೆದರೆ, ಕಣ್ಣು ಪರೀಕ್ಷೆ ಮಾಡಿಸಬೇಕು ಅಂತ ಅದೇ ಹೇಳುತ್ತದೆ. 'ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಎದುರು ನಿಂತು ಹೇಳಿದರೆ ಮಾಡುತ್ತಾಳೆ' ಅನ್ನುವುದೂ ಹಾಗೆಯೇ. ಈ ನೋಟ್‌ಬುಕ್ ಹಿಡಿದುಕೊಂಡು ತರಬೇತಿಗೆ ಹೋದ ಟೀಚರಿಗೆ ಕೇಳಲು ಪ್ರಶ್ನೆ ಇರುತ್ತದೆ. ಬರಿಗೈಯಲ್ಲಿ ಹೋದವರು ಹಾಜರಿ ಹಾಕಿ, ಚಹಾ ಕುಡಿದು ಬರುತ್ತಾರೆ, ಅಷ್ಟೇ.

ನಮ್ಮಲ್ಲಿ ಇನ್ನೊಂದು ತೊಡಕು ಇದೆ, ಅದು ಭಾಷೆ. ಮಗು ಮನೆಯಲ್ಲಿ ತುಳುವೋ ಬ್ಯಾರಿಯೋ ಮರಾಠಿಯೋ ಮಾತಾಡುತ್ತದೆ, ಶಾಲೆಗೆ ಬಂದರೆ ಕನ್ನಡ, ಪರೀಕ್ಷಿಸಲು ಬರುವವರದ್ದು ಹೆಚ್ಚಾಗಿ ಮಲಯಾಳ. ಇದರ ನಡುವೆ ಒಂದನೇ ಕ್ಲಾಸಿನ ಮಗು ಬಾಯಿ ಬಿಡದಿದ್ದರೆ ಅದಕ್ಕೆ ವೈಕಲ್ಯ ಇದೆ ಅಂತ ಹೇಗೆ ಹೇಳುತ್ತೀರಿ? ಮೊದಲು ಮನೆಭಾಷೆಯಲ್ಲಿ ಮಾತಾಡಿಸಿ. ನಿಮಗೆ ಬಾರದಿದ್ದರೆ ಬರುವವರನ್ನು ಕೂರಿಸಿಕೊಳ್ಳಿ. ನಿನ್ನೆ ಮನೆಯಲ್ಲಿ ಏನಾಯ್ತು ಅಂತ ತುಳುವಿನಲ್ಲಿ ಪಟಪಟ ಹೇಳುವ ಮಗುವಿಗೆ ಬೇಕಾದದ್ದು ಕನ್ನಡ ಕಲಿಯಲು ಸಮಯ. ತುಳುವಿನಲ್ಲೂ ಎರಡು ಮಾತು ಜೋಡಿಸಲು ತಡಕಾಡಿದರೆ ತಡ ಮಾಡದೆ ಬಿಆರ್‌ಸಿಯ ಸ್ಪೆಷಲ್ ಎಜುಕೇಟರಿಗೆ (ಇಂಥ ಮಕ್ಕಳಿಗೆ ಕಲಿಸಲು ತರಬೇತಿ ಪಡೆದ ಟೀಚರು) ತಿಳಿಸಿ. ಅವರು ಪರೀಕ್ಷಿಸುವಾಗ ಮಗುವಿನ ಭಾಷೆ ಗೊತ್ತಿರುವ ಒಬ್ಬ ಟೀಚರು ಪಕ್ಕದಲ್ಲಿ ಇರಲೇಬೇಕು, ಇದರಲ್ಲಿ ಸಂಕೋಚ ಬೇಡ. ತರಬೇತಿ ಕನ್ನಡದಲ್ಲಿ ಬೇಕಿದ್ದರೆ ಒಂದಷ್ಟು ಶಾಲೆಯವರು ಸೇರಿ ಮಾಯಿಪ್ಪಾಡಿಯ ಡಯಟ್‌ಗೆ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಬರೆದು ಕೊಡಿ. ಬಾಯಿಮಾತಿನಲ್ಲಿ ಕೇಳಿದ್ದು ಅಲ್ಲೇ ಉಳಿಯುತ್ತದೆ.

ಬ್ರೈಲ್ ಮಾತ್ರ ಈ ವಿಷಯದಲ್ಲಿ ನಮಗೆ ಅನುಕೂಲ. ಭಾರತದ ಹೆಚ್ಚಿನ ಭಾಷೆಗಳಿಗೆ ಭಾರತಿ ಬ್ರೈಲ್ ಅನ್ನುವ ಒಂದೇ ಪದ್ಧತಿ ಇರುವುದರಿಂದ ಮಲಯಾಳದ 'ಕ'ಕ್ಕೂ ಕನ್ನಡದ 'ಕ'ಕ್ಕೂ ಚುಕ್ಕಿಗಳು ಒಂದೇ. ಮಲಯಾಳ ಬ್ರೈಲ್ ಬಲ್ಲವರು ಸಿಕ್ಕಿದರೆ ನಮ್ಮ ಟೀಚರುಗಳೂ ಅವರಿಂದ ಕಲಿಯಬಹುದು.

ಫಿಟ್ಸ್ ಬಂದಾಗ ಏನು ಮಾಡಬೇಕು ಅಂತ ಅಡುಗೆಯವರಿಂದ ಹಿಡಿದು ಬಸ್ಸಿನ ಆಯಾವರೆಗೆ ಎಲ್ಲರಿಗೂ ಗೊತ್ತಿರಬೇಕು. ಮಗುವನ್ನು ನೆಲದ ಮೇಲೆ ಒಂದು ಪಕ್ಕಕ್ಕೆ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದ್ದು ಏನಾದರೂ ಇಡಿ, ಸುತ್ತಲಿನ ಬೆಂಚು ಸರಿಸಿ, ಗಡಿಯಾರ ನೋಡಿ. ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚ ಬೇಡ, ನೀರು ಬೇಡ. ಕೈಗೆ ಕಬ್ಬಿಣದ ಕೀ ಕೊಡುವುದರಿಂದ ಏನೂ ಆಗುವುದಿಲ್ಲ. ಐದು ನಿಮಿಷ ದಾಟಿದರೆ, ಒಂದು ನಿಂತ ಕೂಡಲೇ ಇನ್ನೊಂದು ಬಂದರೆ, ಅಥವಾ ಫಿಟ್ಸ್ ಬಂದದ್ದು ಇದೇ ಮೊದಲ ಸಲವಾದರೆ ನೇರ ಆಸ್ಪತ್ರೆಗೆ. ಇದನ್ನು ಎಸ್‌ಆರ್‌ಜಿ (ಶಾಲೆಯ ಟೀಚರುಗಳ ರಿಸೋರ್ಸ್ ಗ್ರೂಪ್) ಮೀಟಿಂಗಿನಲ್ಲಿ ಓದಿ ಹೇಳಿದರೆ ಸಾಲದು, ಒಬ್ಬರನ್ನು ಮಲಗಿಸಿ ಮಾಡಿ ತೋರಿಸಿ.

ಆ ಮೀಟಿಂಗಿಗೆ ಮಗುವಿನ ಅಮ್ಮನನ್ನೂ ಕರೆಯಿರಿ. ಹೇಗೆ ಕೂರಿಸಿದರೆ ಬೆನ್ನು ನೇರ ಇರುತ್ತದೆ, ಗಂಜಿ ಎಷ್ಟು ತೆಳ್ಳಗಿದ್ದರೆ ನುಂಗುತ್ತದೆ, ಯಾವ ಸನ್ನೆ ಮಾಡಿದರೆ ಮೂತ್ರಕ್ಕೆ ಹೋಗಬೇಕು ಅಂತ ಅರ್ಥ, ಇದೆಲ್ಲ ಯಾವ ಮಾಡ್ಯೂಲಿನಲ್ಲೂ ಇರುವುದಿಲ್ಲ. ಅವರು ಕುರ್ಚಿಯಲ್ಲಿ ಕೂತು ಹೇಳಲಿ, ಟೀಚರುಗಳು ಬರೆದುಕೊಳ್ಳಲಿ.

ಇನ್ನು ಹೆಡ್‌ಮಾಸ್ಟರಿಗೆ ಒಂದಿಷ್ಟು. ಟೀಚರು ಎಷ್ಟೇ ಕಲಿತು ಬಂದರೂ ಟೈಮ್‌ಟೇಬಲ್, ಕ್ಲಾಸ್‌ರೂಮು, ದುಡ್ಡು ಇರುವುದು ನಿಮ್ಮ ಕೈಯಲ್ಲಿ. ಗಾಲಿಕುರ್ಚಿಯ ಮಗುವಿನ ಕ್ಲಾಸು ಮಾಳಿಗೆಯಲ್ಲಿದ್ದರೆ ಮಗುವನ್ನು ಎತ್ತಿಕೊಂಡು ಹೋಗುವ ಬದಲು ಕ್ಲಾಸನ್ನೇ ಕೆಳಗೆ ತನ್ನಿ. ರ‍್ಯಾಂಪಿಗೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ನಮ್ಮ ಗುಡ್ಡೆಯ ಶಾಲೆಗಳಲ್ಲಿ ಜಾಗ ಇಲ್ಲ ಅಂತ ಕಡಿದಾಗಿ ಕಟ್ಟಿಬಿಡುತ್ತಾರೆ, ಜುಲೈ ಮಳೆಗೆ ಪಾಚಿ ಹಿಡಿದರೆ ದೊಡ್ಡವರೇ ಜಾರುತ್ತಾರೆ. ಜಾಗ ಕಡಿಮೆ ಇದ್ದರೆ ತಿರುವು ಕೊಟ್ಟು ಕಟ್ಟಿಸಿ, ಮೇಲ್ಮೈ ತರಿತರಿಯಾಗಿರಲಿ, ಕೈಹಿಡಿ ಇರಲಿ. ಶೌಚಾಲಯದ ಬಾಗಿಲನ್ನು ಟೇಪು ಹಿಡಿದು ಅಳೆಯಿರಿ, ಗಾಲಿಕುರ್ಚಿ ಸಲೀಸಾಗಿ ಹೋಗಲು ಸುಮಾರು 90 ಸೆಂಟಿಮೀಟರ್ ಬೇಕು.

ಸ್ಪೆಷಲ್ ಎಜುಕೇಟರ್ ಬಂದ ದಿನ ಮಗುವನ್ನು ಬೇರೆ ಕೋಣೆಗೆ ಕಳಿಸಿ ಕೈತೊಳೆದುಕೊಳ್ಳುವ ಅಭ್ಯಾಸ ತುಂಬಾ ಕಡೆ ಇದೆ. ಆ ದಿನ ಅವರು ಕ್ಲಾಸಿನ ಒಳಗೇ ಇರಲಿ, ಕ್ಲಾಸ್ ಟೀಚರು ನೋಡಿ ಕಲಿಯಲಿ, ಯಾಕೆಂದರೆ ಉಳಿದ ದಿನಗಳಲ್ಲಿ ಮಗುವಿನ ಜೊತೆ ಇರುವುದು ಇವರೇ ಅಲ್ವಾ?

ಕಾಗದಪತ್ರದ ಕೆಲಸ ಬೇಗ ಶುರು ಮಾಡಿ. ವೈಕಲ್ಯ ಶೇ. 40 ಅಥವಾ ಜಾಸ್ತಿ ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಕಾನೂನಿನ ಹಕ್ಕು. ಯುಡಿಐಡಿ ಕಾರ್ಡಿಗೆ (ವಿಕಲಚೇತನರ ಗುರುತಿನ ಚೀಟಿ) ಮನೆಯವರ ಜೊತೆ ಕೂತು ಅರ್ಜಿ ತುಂಬಿಸಿ. ಎಸ್ಸೆಸ್ಸೆಲ್ಸಿಯಲ್ಲಿ ಸ್ಕ್ರೈಬ್ (ಹೇಳಿದ್ದನ್ನು ಬರೆದುಕೊಡುವವರು), ಹೆಚ್ಚಿನ ಸಮಯ ಬೇಕಾದ ಮಕ್ಕಳು ಎಂಟನೇ ಕ್ಲಾಸಿನಿಂದಲೇ ಶಾಲೆಯ ಪರೀಕ್ಷೆಗಳನ್ನು ಹಾಗೆ ಬರೆದು ರೂಢಿ ಮಾಡಿಕೊಳ್ಳಲಿ. ಉತ್ತರ ಹೇಳಿ ಬರೆಸುವುದಕ್ಕೂ ಅಭ್ಯಾಸ ಬೇಕು, ಕನ್ನಡ ಸರಿಯಾಗಿ ಬರೆಯುವ ಸ್ಕ್ರೈಬನ್ನು ಹುಡುಕುವುದಕ್ಕೂ ಸಮಯ ಬೇಕು.

ನಾಲ್ಕನೇ ಕ್ಲಾಸು ಮುಗಿಸಿ ಮಗು ಯುಪಿ (ಹಿರಿಯ ಪ್ರಾಥಮಿಕ) ಶಾಲೆಗೆ ಹೋಗುವಾಗ ಟಿಸಿ ಜೊತೆ ಮಗುವಿನ ಬಗ್ಗೆ ಬರೆದಿಟ್ಟ ಆ ನೋಟ್‌ಬುಕ್ಕೂ ಹೋಗಲಿ. ಏಳರಿಂದ ಎಂಟಕ್ಕೆ ಶಾಲೆ ಬದಲಾಗುವಾಗಲೂ ಹಾಗೆಯೇ. ಮನೆಯವರ ಒಪ್ಪಿಗೆ ಕೇಳಿಕೊಂಡು, ಜೂನಿನಲ್ಲಿ ಶಾಲೆ ತೆರೆಯುವ ಮೊದಲೇ ಹಳೆಯ ಟೀಚರು ಹೊಸ ಶಾಲೆಗೆ ಒಮ್ಮೆ ಹೋಗಿ, ಅಲ್ಲಿನ ಕ್ಲಾಸ್ ಟೀಚರ ಜೊತೆ ಅರ್ಧ ಗಂಟೆ ಕೂತು ಮಾತಾಡಿ ಬರಲಿ.