ವರ್ಷದ ಪಯಣಕ್ಕೆ ಒಂದೇ ಬೆನ್ನುಚೀಲ

ಕಾಸರಗೋಡಿನಿಂದ ರೈಲು ಹತ್ತಿ ವರ್ಷಪೂರ್ತಿ ಊರೂರು ಸುತ್ತಲು ಹೊರಡುವವರು ಒಂದು ವಾರಕ್ಕೆ ಸಾಲುವಷ್ಟು ಬಟ್ಟೆಯನ್ನು ಮಾತ್ರ 40 ಲೀಟರಿನ ಚೀಲದಲ್ಲಿ ತುಂಬಿಕೊಂಡು, ಅದನ್ನೇ ಒಗೆದು ಉಡುವ ಅಭ್ಯಾಸ ಮಾಡಿಕೊಳ್ಳಬೇಕು. ದಪ್ಪ ಟವೆಲ್ಲಿಗಿಂತ ನಮ್ಮ ಬೈರಾಸು ಎಷ್ಟೋ ಮೇಲು. ಹಿಂಡಿ ಹರವಿದರೆ ಬೇಗ ಒಣಗುತ್ತದೆ, ಬಿಸಿಲಿಗೆ ತಲೆಗೆ ಸುತ್ತಿಕೊಳ್ಳಲೂ ಆಗುತ್ತದೆ. ತಳದಲ್ಲಿ ಹೊದಿಕೆ, ಅದರ ಮೇಲೆ ಬೆನ್ನಿಗೆ ತಾಗುವಂತೆ ಭಾರದ ವಸ್ತುಗಳು, ಎಲ್ಲಕ್ಕಿಂತ ಮೇಲೆ ರೈನ್‌ಕೋಟು ಇರಲಿ. ಚೀಲದೊಳಗೆ ಗಟ್ಟಿಯಾದ ಪ್ಲಾಸ್ಟಿಕ್ ತೊಟ್ಟೆಯೊಂದನ್ನು ಹಾಸಿ ಅದರೊಳಗೆ ಬಟ್ಟೆಯಿಡಬೇಕು. ಆಟಿಯ ಮಳೆಯನ್ನು ಕಂಡವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ವಿಮಾನವೇರುವಾಗ ಪವರ್ ಬ್ಯಾಂಕು ಕೈಚೀಲದಲ್ಲಿಯೇ ಇರಬೇಕೆಂಬುದು ನಿಯಮ. ಮನೆಯವರು ಎಷ್ಟೇ ಒತ್ತಾಯಿಸಿದರೂ ಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ಒಯ್ಯಬೇಡಿ. ಅದು ಒಸರಿ ನನ್ನ ಎರಡು ಅಂಗಿಗಳು ಹಾಳಾಗಿವೆ.