ಒಂಬತ್ತು ನಿಮಿಷದ ಕೃತಿಗೆ ಹನ್ನೊಂದು ಕೂಟ: ನನ್ನ ಅನುಭವ

ಅಮೃತವರ್ಷಿಣಿ ರಾಗದ ಐದು ಸ್ವರಗಳ ಮೇಲೆ ನಾನು ಬರೆದ ಒಂಬತ್ತು ನಿಮಿಷದ ಆರ್ಕೆಸ್ಟ್ರಾ ಕೃತಿಯನ್ನು ಕಳೆದ ಡಿಸೆಂಬರ್‌ನಲ್ಲಿ ಬೆಂಗಳೂರಿನ ಒಂದು ಶಾಲೆಯ ಸಭಾಂಗಣದಲ್ಲಿ ಇಪ್ಪತ್ತನಾಲ್ಕು ಮಂದಿ ವಾದಕರು ಮೊದಲ ಓದಿನಲ್ಲೇ, ಎರಡು ಕಡೆ ಮಾತ್ರ ನಿಂತು, ಕೊನೆಯವರೆಗೂ ನುಡಿಸಿ ಮುಗಿಸಿದರು. ಇದೇ ಕೃತಿಯ ಹಳೆಯ ರೂಪವು ಎರಡು ವರ್ಷಗಳ ಹಿಂದೆ ನುರಿತ ವಿದೇಶಿ ವಾದಕರ ಕೈಯಲ್ಲಿ ಕೂಡ ನಾಲ್ಕನೆಯ ನಿಮಿಷವನ್ನು ದಾಟಿರಲಿಲ್ಲ. ನಡುವೆ ಬದಲಾದದ್ದು ನಾನು ಅಭಿಪ್ರಾಯ ಕೇಳುವ ಕ್ರಮ: ಕೃತಿಯನ್ನು ಕೇಳಿಸುವುದನ್ನು ಬಿಟ್ಟು, ಒಂದೊಂದು ವಾದ್ಯದವರನ್ನೂ ಬೇರೆಬೇರೆಯಾಗಿ ಕೂರಿಸಿ ಅವರ ವಾದ್ಯದ ಹಾಳೆಯನ್ನಷ್ಟೇ (ಪಾರ್ಟ್) ಓದಿಸುವುದು. ಅಂಥ ಒಂದೊಂದು ಭೇಟಿಯನ್ನೇ ನಾನು ಕೂಟ ಎನ್ನುವುದು. ಈ ಕ್ರಮದಿಂದ ಏನೂ ಪ್ರಯೋಜನವಿಲ್ಲವೆಂದು ಹೇಳಿದ್ದ ಇಬ್ಬರು ಗೆಳೆಯರು ಅಂದು ಸಭಾಂಗಣದಲ್ಲಿಯೇ ಇದ್ದರು; ಅವರಲ್ಲಿ ಒಬ್ಬರು ಈಗ ತಮ್ಮ ಕೃತಿಗೂ ಇದನ್ನೇ ಮಾಡುತ್ತಿದ್ದಾರೆ. ಹಾಗಾಗಿ ನಡೆದದ್ದನ್ನು ಬರೆದಿಡುತ್ತಿದ್ದೇನೆ.

ಮೊದಲು ಕಳೆದುಕೊಂಡದ್ದರ ಲೆಕ್ಕ. ಕೃತಿ ಮುಗಿದ ಕೂಡಲೇ ನಾನೂ ಎಲ್ಲರಂತೆ ಸ್ವರಲಿಪಿ ಬರೆಯುವ ತಂತ್ರಾಂಶ ಮ್ಯೂಸ್‌ಸ್ಕೋರ್‌ನಿಂದ ಮಾಕಪ್ (ಕಂಪ್ಯೂಟರ್ ನುಡಿಸಿದ ಧ್ವನಿಪ್ರತಿ) ತೆಗೆದು ಮೂವತ್ತು ಜನರಿಗೆ ವಾಟ್ಸಾಪ್‌ನಲ್ಲಿ ಕಳುಹಿಸಿದೆ. ಇಪ್ಪತ್ತಕ್ಕೂ ಹೆಚ್ಚು ಮಂದಿ ‘ತುಂಬಾ ಚೆನ್ನಾಗಿದೆ’ ಎಂದರು, ನಾಲ್ಕೈದು ಜನ ಸಿನಿಮಾ ಹಿನ್ನೆಲೆ ಸಂಗೀತದಂತಿದೆ ಎಂದರು, ಉಳಿದವರು ಏನೂ ಹೇಳಲಿಲ್ಲ. ಆಮೇಲೆ ಒಂದು ಗಂಟೆಗೆ ಸುಮಾರು ರೂ. 12,000 ಕೊಟ್ಟು ಹೊರದೇಶದ ಸಂಯೋಜಕರೊಬ್ಬರಲ್ಲಿ ಜೂಮ್ ಮೂಲಕ ಪಾಠ ಹೇಳಿಸಿಕೊಂಡೆ. ಅವರು ಸ್ಕೋರನ್ನು (ಇಡೀ ಕೃತಿಯ ಸ್ವರಲಿಪಿ) ತೆರೆಯದೆ ಧ್ವನಿಯನ್ನಷ್ಟೇ ಕೇಳಿ, ರಿವರ್ಬ್ (ಪ್ರತಿಧ್ವನಿ) ಹೆಚ್ಚಾಗಿದೆ, ತಂತಿವಾದ್ಯಗಳ ಧ್ವನಿಮಾದರಿಗಳ ಲೈಬ್ರರಿಯನ್ನು ಬದಲಾಯಿಸಿ ಎಂದು ಸಲಹೆ ಕೊಟ್ಟರು. ಅದು ನನ್ನ ಕಂಪ್ಯೂಟರಿಗೆ ಬಂದ ಅಭಿಪ್ರಾಯವೇ ಹೊರತು ನನ್ನ ಕೃತಿಗೆ ಬಂದದ್ದಲ್ಲ. ಒಂದು ಸ್ಪರ್ಧೆಗೆ ನಲವತ್ತು ಯೂರೋ ಪ್ರವೇಶಶುಲ್ಕ ಕಟ್ಟಿದೆ. ತೀರ್ಪುಗಾರರ ಲಿಖಿತ ಟಿಪ್ಪಣಿ ಸಿಗುತ್ತದೆಂಬ ಮಾತಿತ್ತು, ಆದರೆ ಅದು ಇವತ್ತಿಗೂ ಬಂದಿಲ್ಲ.

ಎಲ್ಲಕ್ಕಿಂತ ದುಬಾರಿಯಾದದ್ದು ಬುಡಾಪೆಸ್ಟ್. ಹಲವು ಸಂಯೋಜಕರು ಸೇರಿ ಅಲ್ಲಿನ ಆರ್ಕೆಸ್ಟ್ರಾದ ಒಂದು ಧ್ವನಿಮುದ್ರಣ ಅವಧಿಯನ್ನು ಹಂಚಿಕೊಳ್ಳುವ ವ್ಯವಸ್ಥೆಯಲ್ಲಿ ಇಪ್ಪತ್ತು ನಿಮಿಷವನ್ನು ನಾನು ಕೊಂಡೆ. ಎಲ್ಲ ಸೇರಿ ರೂ. 55,000ದ ಆಸುಪಾಸು ಆಯಿತು. ವಾದಕರದೇನೂ ತಪ್ಪಿರಲಿಲ್ಲ. ನಾನು ಕಳುಹಿಸಿದ ಪಾರ್ಟ್‌ಗಳಲ್ಲಿ ವಯೋಲಾಗಳಿಗೆ ಮ್ಯೂಟ್ (ನಾದ ತಗ್ಗಿಸುವ ಸಾಧನ) ಹಾಕಲು ಹೇಳಿ ತೆಗೆಯಲು ಎಲ್ಲಿಯೂ ಹೇಳಿರಲಿಲ್ಲ, ಹಾರ್ನ್ ಭಾಗದಲ್ಲಿ ಒಂದು ನ್ಯಾಚುರಲ್ (ಸ್ವರವನ್ನು ಅರ್ಧ ಏರಿಸುವ ಶಾರ್ಪನ್ನು ಅಥವಾ ಅರ್ಧ ಇಳಿಸುವ ಫ್ಲ್ಯಾಟನ್ನು ರದ್ದುಮಾಡುವ ಗುರುತು) ಬಿಟ್ಟುಹೋಗಿತ್ತು, ಎರಡನೆಯ ವಯಲಿನ್‌ಗಳು ಪುಟ ತಿರುಗಿಸಬೇಕಾದ ಜಾಗದಲ್ಲಿ ಅರ್ಧ ಬಾರ್ (ಸ್ವರಲಿಪಿಯಲ್ಲಿ ತಾಳದ ಒಂದು ಅಳತೆ) ಬಿಡುವೂ ಇರಲಿಲ್ಲ. ಅವನ್ನೆಲ್ಲ ಕೇಳಿ ಸರಿಪಡಿಸಿಕೊಳ್ಳುವುದರಲ್ಲಿಯೇ ಹನ್ನೆರಡು ನಿಮಿಷ ಹೋಯಿತು. ಕೊನೆಗೆ ನನ್ನ ಕೈಗೆ ಬಂದದ್ದು ನಾಲ್ಕು ನಿಮಿಷದ ಧ್ವನಿಮುದ್ರಣ. ಅದನ್ನು ಎಷ್ಟು ಸಲ ಕೇಳಿದರೂ ನಡೆಯದ ಜಾಗ ಯಾವುದೆಂದು ತಿಳಿಯುತ್ತಿತ್ತು, ಏಕೆ ನಡೆಯಲಿಲ್ಲವೆಂಬುದು ತಿಳಿಯುತ್ತಿರಲಿಲ್ಲ.

ಆ ಧ್ವನಿಮುದ್ರಣವನ್ನು ಪಕ್ಕಕ್ಕಿಟ್ಟು ನಾನು ತೀರ್ಮಾನಿಸಿದ್ದು ಇಷ್ಟು: ಇನ್ನು ಮುಂದೆ ಯಾರಿಗೂ ಕೃತಿಯನ್ನು ಕೇಳಿಸುವುದಿಲ್ಲ, ಒಂದೊಂದು ವಾದ್ಯದವರನ್ನೂ ಬೇರೆಬೇರೆಯಾಗಿ ಕಂಡು, ಒಂದು ಗಂಟೆಗೆ ಹಣ ಕೊಟ್ಟು, ಅವರವರ ಪಾರ್ಟನ್ನು ಮಾತ್ರ ಕಾಗದದಲ್ಲಿ ಎದುರಿಗಿಟ್ಟು ಓದಿಸುತ್ತೇನೆ. ನುಡಿಸುವಾಗ ನಾನು ಮಾತಾಡಬಾರದು, ಹಾಡಿ ತೋರಿಸಬಾರದು. ಅವರ ಕೈಗೆ ಪೆನ್ಸಿಲ್ ಕೊಟ್ಟು, ಆ ಪೆನ್ಸಿಲ್ ಯಾವ ಬಾರಿನ ಮೇಲೆ ಹೋಗುತ್ತದೆಂಬುದನ್ನು ನೋಡುತ್ತ ಕೂರಬೇಕು.

ಗೆಳೆಯರು ಇದನ್ನು ಒಪ್ಪಲಿಲ್ಲ. ಆರ್ಕೆಸ್ಟ್ರಾ ಎಂದರೆ ಒಟ್ಟು ನಾದ. ಒಂಟಿ ಕ್ಲಾರಿನೆಟ್ಟನ್ನು ಕೇಳಿ ಸಮತೋಲದ ಬಗ್ಗೆ ಏನು ತಿಳಿಯುತ್ತೀಯ ಎಂಬುದು ಅವರ ವಾದ. ನಾನು ಒಂದು ಉದಾಹರಣೆ ಕೊಟ್ಟೆ: ಜರ್ಮನ್ ಸಂಯೋಜಕ ಬ್ರಾಹ್ಮ್ಸ್ 1878ರಲ್ಲಿ ತಮ್ಮ ವಯಲಿನ್ ಕಂಚೆರ್ಟೊ (ಏಕವಾದಕ ಮತ್ತು ಆರ್ಕೆಸ್ಟ್ರಾ ಸೇರಿ ನುಡಿಸುವ ಕೃತಿ) ಬರೆಯುವಾಗ ಏಕವಾದನದ ಭಾಗವನ್ನು ಮೊದಲು ವಯಲಿನ್ ವಾದಕ ಯೋವಾಕಿಮ್ ಅವರಿಗೆ ಕಳುಹಿಸಿ, ನುಡಿಸಲು ಕಷ್ಟವಾದ, ಹೊಂದದ ಜಾಗಗಳನ್ನು ಗುರುತಿಸಲು ಕೇಳಿದ್ದರು. ಆ ಪತ್ರವ್ಯವಹಾರ ನಡೆದ ಮೇಲೆಯೇ 1879ರ ಜನವರಿ 1ರಂದು ಲೈಪ್ಸಿಗ್‌ನಲ್ಲಿ ಅದು ಮೊದಲ ಬಾರಿ ವೇದಿಕೆ ಕಂಡಿತು. ಏಕವಾದಕನಿಗೆ ಸಲ್ಲಿಸಿದ ಆ ಮರ್ಯಾದೆಯನ್ನು ಹಿಂದಿನ ಸಾಲಿನಲ್ಲಿ ಕೂರುವ ಹಾರ್ನ್ ವಾದಕರಿಗೂ ಸಲ್ಲಿಸಿದರೆ ತಪ್ಪೇನು ಎಂದು ನಾನು ಕೇಳಿದೆ. ಉತ್ತರ ಬರಲಿಲ್ಲ.

ಮೊದಲ ಕೂಟ ಮೈಸೂರಿನ ನಜರ್‌ಬಾದಿನಲ್ಲಿ, ನಿವೃತ್ತರಾದ ಹಿರಿಯ ಬ್ಯಾಂಡ್ ಕ್ಲಾರಿನೆಟ್ ವಾದಕರ ಮನೆಯಲ್ಲಿ ನಡೆಯಿತು. ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾಗಿದ್ದ ಜಯಚಾಮರಾಜ ಒಡೆಯರ ಊರಿನಲ್ಲಿ ಆರ್ಕೆಸ್ಟ್ರಾದ ಹಾಳೆಯನ್ನು ಓದಬಲ್ಲ ಹಿರಿಯರು ಇಂದಿಗೂ ಇದ್ದಾರೆ; ನಾವು ಹೋಗಿ ಬಾಗಿಲು ತಟ್ಟುವುದಿಲ್ಲ, ಅಷ್ಟೆ. ಕೃತಿಯ ಷಡ್ಜ ಆಗ ಡಿ ಆಗಿತ್ತು, ಕೀ ಸಿಗ್ನೇಚರ್ (ಸಾಲಿನ ಆರಂಭದಲ್ಲೇ ಬರೆಯುವ ಶಾರ್ಪ್, ಫ್ಲ್ಯಾಟ್ ಗುರುತುಗಳು) ಇಲ್ಲದೆ ಬರೆದಿದ್ದೆ. ಬಿ ಫ್ಲ್ಯಾಟ್ ಕ್ಲಾರಿನೆಟ್ ಬರೆದದ್ದಕ್ಕಿಂತ ಒಂದು ಸ್ವರ ಕೆಳಗೆ ನುಡಿಯುತ್ತದೆ; ಅದಕ್ಕೆ ಒಂದು ಸ್ವರ ಏರಿಸಿ ಬರೆಯಬೇಕಾದ್ದರಿಂದ ಇ, ಜಿ ಶಾರ್ಪ್, ಎ ಶಾರ್ಪ್, ಬಿ, ಡಿ ಶಾರ್ಪ್ ಎಂದು ಹಾಳೆಯ ತುಂಬ ಶಾರ್ಪ್ ಹರಡಿಕೊಂಡಿತ್ತು. ಅವರು ಮೊದಲ ಸಾಲು ನುಡಿಸಿ, ರೀಡನ್ನು ತುಟಿಯಿಂದ ತೆಗೆದು, ಕನ್ನಡಕ ಸರಿಮಾಡಿಕೊಂಡು, “ಏನಪ್ಪಾ ಇದು, ಸ್ವರಕ್ಕಿಂತ ಶಾರ್ಪೇ ಜಾಸ್ತಿ ಕಾಣ್ತದೆ” ಎಂದರು. “ಎ ಕ್ಲಾರಿನೆಟ್ ಇದ್ದಿದ್ರೆ ನೀರು ಕುಡಿದ ಹಾಗೆ. ನಮ್ಮಲ್ಲಿ ಯಾರ ಹತ್ರ ಇದೆ ಹೇಳು?” ಅದು ನಿಜ. ಎ ಕ್ಲಾರಿನೆಟ್ಟಿಗೆ ಬರೆದರೆ ಅದೇ ಸ್ವರಗಳು ಎಫ್, ಎ, ಬಿ, ಸಿ, ಇ ಆಗುತ್ತವೆ, ಒಂದು ಶಾರ್ಪೂ ಉಳಿಯುವುದಿಲ್ಲ. ಆದರೆ ನಮ್ಮ ಬ್ಯಾಂಡುಗಳಲ್ಲಿ ಬೆಳೆದವರ ಕೈಯಲ್ಲಿರುವುದು ಬಿ ಫ್ಲ್ಯಾಟ್ ಒಂದೇ.

ಬಸ್ಸಿನಲ್ಲಿ ಬೆಂಗಳೂರಿಗೆ ವಾಪಸು ಬರುವಾಗ ಮದ್ದೂರು ದಾಟುವ ಹೊತ್ತಿಗೆ ಹೊಳೆಯಿತು: ವಾದ್ಯವನ್ನು ಬದಲಾಯಿಸಲಾಗದಿದ್ದರೆ ಶ್ರುತಿಯನ್ನು ಬದಲಾಯಿಸಬಹುದು. ಇಡೀ ಕೃತಿಯನ್ನು ಅರ್ಧ ಸ್ವರ ಮೇಲೆತ್ತಿ ಇ ಫ್ಲ್ಯಾಟ್‌ಗೆ ತಂದರೆ ಬಿ ಫ್ಲ್ಯಾಟ್ ಕ್ಲಾರಿನೆಟ್ಟಿಗೂ ಟ್ರಂಪೆಟ್ಟಿಗೂ ಅದೇ ಎಫ್, ಎ, ಬಿ, ಸಿ, ಇ ಸಿಗುತ್ತದೆ. ತಂತಿವಾದ್ಯದವರು ಬೈಯುತ್ತಾರೆಂದು ಅಂಜಿದ್ದೆ, ಏಕೆಂದರೆ ಡಿಯಲ್ಲಿ ಷಡ್ಜ ಪಂಚಮಗಳೆರಡೂ ವಯಲಿನ್ನಿನ ತೆರೆದ ತಂತಿಗಳೇ. ಎರಡನೆಯ ಕೂಟದಲ್ಲಿ ವಯಲಿನ್ ವಾದಕಿ ಹೊಸ ಪಾರ್ಟನ್ನು ಓದಿ ಬೇರೆಯದನ್ನೇ ತೋರಿಸಿಕೊಟ್ಟರು: ಇ ಫ್ಲ್ಯಾಟ್‌ನಲ್ಲಿ ಗಾಂಧಾರವು ಜಿ, ಪ್ರತಿಮಧ್ಯಮವು ಎ, ನಿಷಾದವು ಡಿ ಆಗುತ್ತದೆ, ಎರಡು ತೆರೆದ ತಂತಿಯಿದ್ದಲ್ಲಿ ಮೂರು ಆದವು. ರಾಗದ ಬಣ್ಣವನ್ನು ತೋರಿಸುವ ಸ್ವರಗಳೇ ಈಗ ತಾವಾಗಿ ಮೊಳಗುತ್ತವೆ. ಈ ಮಾತು ಯಾವ ಮಾಕಪ್‌ನಿಂದಲೂ ಬರುತ್ತಿರಲಿಲ್ಲ. ಡಬಲ್ ಬಾಸ್‌ನವರಿಗೆ ಕೆಳಗಿನ ಷಡ್ಜವು ಕೊನೆಯ ತಂತಿಗಿಂತ ಅರ್ಧ ಸ್ವರ ಕೆಳಗೆ ಉಳಿಯಿತು. ಅವರು ತಾವೇ ಮುಂದಾಗಿ, ಆ ತಂತಿಯನ್ನು ಅರ್ಧ ಸ್ವರ ಸಡಿಲಿಸಿಕೊಳ್ಳುತ್ತೇನೆ, ಪೂರ್ತಿ ಒಂದು ಸ್ವರ ಇಳಿಸು ಎಂದಿದ್ದರೆ ಆಗುತ್ತಿರಲಿಲ್ಲ ಎಂದರು.

ಗೆಳೆಯರ ಸಮತೋಲದ ಪ್ರಶ್ನೆಗೆ ಉತ್ತರ ಕೊಟ್ಟವರು ಕೊಳಲಿನವರು, ಎಂದರೆ ಪಾಶ್ಚಾತ್ಯ ಫ್ಲೂಟ್ ನುಡಿಸುವ ಒಬ್ಬ ಯುವತಿ. ನಲವತ್ತೊಂದನೆಯ ಬಾರಿನಿಂದ ಫ್ಲೂಟಿನ ತೀರಾ ಕೆಳಗಿನ ಸ್ಥಾಯಿಯಲ್ಲಿ ನನಗೆ ಬಹಳ ಪ್ರಿಯವಾದ ರಾಗಾಲಾಪವಿದೆ. ಅವರು ಅದನ್ನು ಸೊಗಸಾಗಿ ನುಡಿಸಿ, “ಸರ್, ಇಲ್ಲಿ ನಾನು ಒಬ್ಬಳೇ ಇರ್ತೀನಾ?” ಎಂದು ಕೇಳಿದರು. ಇರಲಿಲ್ಲ. ಅಲ್ಲಿ ಐದು ತಂತಿಭಾಗಗಳೂ ಬಿಲ್ಲಿನಲ್ಲಿ ಚಲಿಸುತ್ತಿದ್ದವು. ಮಾಕಪ್‌ನಲ್ಲಿ ಫ್ಲೂಟ್ ಕೇಳಿಸುತ್ತಿದ್ದದ್ದು ನಾನು ಅದರ ಫೇಡರ್ (ಧ್ವನಿಮಟ್ಟದ ಗುಂಡಿ) ಏರಿಸಿದ್ದರಿಂದ. ಸ್ವರ ಯಾವ ಸ್ಥಾಯಿಯಲ್ಲಿದೆ, ಮೇಲೆ ಯಾವ ಬಲದ ಗುರುತಿದೆ ಎಂಬುದನ್ನು ನೋಡಿಯೇ ತನ್ನ ಸುತ್ತ ಯಾರಿರಬಹುದು, ಯಾರಿರಬಾರದು ಎಂಬುದನ್ನು ವಾದಕರು ಊಹಿಸಬಲ್ಲರು. ಆ ರಾತ್ರಿಯೇ ವಯಲಿನ್‌ಗಳನ್ನು ಪೂರ್ತಿ ನಿಲ್ಲಿಸಿ, ಚೆಲ್ಲೋಗಳಿಗೆ ಬೆರಳಿನ ಮೀಟು ಕೊಟ್ಟು, ಮ್ಯೂಟ್ ಹಾಕಿದ ವಯೋಲಾಗಳನ್ನಷ್ಟೇ ಉಳಿಸಿದೆ. ಈ ಸಲ ಮ್ಯೂಟ್ ತೆಗೆಯುವ ಸೂಚನೆಯನ್ನೂ, ಅದಕ್ಕೆ ಬೇಕಾದ ಎರಡು ಬಾರ್ ಬಿಡುವನ್ನೂ ಬರೆದೆ.

ಹಾರ್ನ್ ವಾದಕರು ಮಿತಭಾಷಿ. ಅರವತ್ತು ಬಾರ್ ಸುಮ್ಮನೆ ಕೂತು ನೇರವಾಗಿ ಮೇಲಿನ ಎ ಸ್ವರವನ್ನು ಅತಿ ಮೆದುವಾಗಿ ಹಿಡಿಯಬೇಕಾದ ಜಾಗದ ಮೇಲೆ ಅವರು ಪೆನ್ಸಿಲಿನಿಂದ ಒಂದು ಸುತ್ತು ಹಾಕಿ ನನ್ನ ಮುಖ ನೋಡಿದರು. ತುಟಿ ತಣ್ಣಗಾಗಿರುತ್ತದೆ. ಅದಕ್ಕೆ ಎಂಟು ಬಾರ್ ಮೊದಲು ಬಸೂನ್‌ನಲ್ಲಿದ್ದ ಎರಡು ನೀಳ ಸ್ವರಗಳನ್ನು ಹಾರ್ನಿಗೂ ಕೊಟ್ಟೆ. ಕೇಳುವವರಿಗೆ ಅದು ಬಣ್ಣದ ಬದಲಾವಣೆ, ನುಡಿಸುವವರಿಗೆ ತುಟಿ ಹದಮಾಡಿಕೊಳ್ಳುವ ಅವಕಾಶ. ಊದುವಾದ್ಯವಾದ ಓಬೋಗಾಗಿ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಮುಂಬಯಿಗೇ ಹೋಗಬೇಕಾಯಿತು. 2006ರಲ್ಲಿ ಅಲ್ಲಿನ ಕಲಾಕೇಂದ್ರ ಎನ್‌ಸಿಪಿಎ ಆಶ್ರಯದಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಹುಟ್ಟಿದ ಮೇಲೆ ವೃತ್ತಿಪರ ಓಬೋ ವಾದನ ಕೇಳಸಿಗುವ ಊರು ಅದು. ಹದಿನಾಲ್ಕು ಬಾರ್ ಬಿಡುವಿಲ್ಲದ ಸಾಲಿನಲ್ಲಿ ಓಬೋದವರಿಗೆ ಉಸಿರು ಸಾಲದೆ ಹೋಗುವುದಿಲ್ಲ, ಒಳಗೆ ಉಳಿದ ಹಳೆಯ ಉಸಿರನ್ನು ಹೊರಹಾಕಲು ಜಾಗವಿರುವುದಿಲ್ಲ ಎಂಬುದನ್ನು ಅಲ್ಲಿ ಕಣ್ಣಾರೆ ಕಂಡೆ. ಸಾಲನ್ನು ಎರಡಾಗಿ ಸೀಳಿ ನಡುವಿನ ತುಣುಕನ್ನು ಕ್ಲಾರಿನೆಟ್ಟಿಗೆ ದಾಟಿಸಿದೆ.

ಇದರ ನಡುವೆ ಒಂದು ಅಡ್ಡಪ್ರಯೋಗಕ್ಕೂ ಕೈಹಾಕಿದೆ. ನಿಷಾದದಿಂದ ಷಡ್ಜಕ್ಕೆ ಹೋಗುವ ಜಾರನ್ನು ನಾನು ಗ್ಲಿಸಾಂಡೊ ಗೆರೆಯಿಂದ ಬರೆದಿದ್ದೆ. ಪಾಶ್ಚಾತ್ಯ ಪದ್ಧತಿಯವರು ಅದನ್ನು ಸ್ವರದ ಉದ್ದಕ್ಕೂ ಸಮನಾಗಿ ಜಾರಿಸುತ್ತಿದ್ದರು, ಕೇಳಲು ಸೈರನ್ನಿನಂತಿತ್ತು. ಕರ್ನಾಟಕ ಸಂಗೀತದ ವಯಲಿನ್ ವಿದ್ವಾಂಸರೊಬ್ಬರನ್ನು ಅವರ ಪಕ್ಕದಲ್ಲಿಯೇ ಕೂರಿಸಿ ಅದೇ ಸಾಲನ್ನು ನುಡಿಸಲು ವಿನಂತಿಸಿಕೊಂಡೆ. ಅವರು ನಿಷಾದದ ಮೇಲೆ ಬಹುಪಾಲು ನಿಂತು, ಕೊನೆಗಳಿಗೆಯಲ್ಲಿ ಸರಿಯುತ್ತಿದ್ದರು. ಹಾಗಾಗಿ ಸ್ವರವನ್ನು ಎರಡು ಭಾಗ ಮಾಡಿ ಕಟ್ಟಿ, ಕೊನೆಯ ಹದಿನಾರನೆಯ ಭಾಗದಿಂದ ಮಾತ್ರ ಗೆರೆ ಎಳೆದೆ; ಆಮೇಲೆ ಎಲ್ಲರೂ ಹೇಳಿಕೊಡದೆಯೇ ಸರಿಯಾಗಿ ನುಡಿಸಿದರು. ಗಾಂಧಾರದ ಕಂಪನವನ್ನು ಬರೆದು ತೋರಿಸಲು ಮಾಡಿದ ನಾಲ್ಕು ಯತ್ನಗಳೂ ಕೈಕೊಟ್ಟವು. ಅಲ್ಲಿ ಸ್ವರವನ್ನು ಸರಳವಾಗಿ ನಿಲ್ಲಿಸಿದ್ದೇನೆ.

ಒಂಬತ್ತು ವಾದ್ಯಗಳಿಗೆ ಹನ್ನೊಂದು ಕೂಟಗಳಾದವು. ವಯಲಿನ್ ಮತ್ತು ಹಾರ್ನ್‌ಗೆ ಎರಡೆರಡು. ಗಂಟೆಗೆ ರೂ. 1,500ರಿಂದ 2,500ರವರೆಗೆ ಕೊಟ್ಟೆ, ಮುಂಬಯಿ ಪ್ರಯಾಣವೂ ಸೇರಿ ರೂ. 26,000 ಆಗಿರಬಹುದು, ಬುಡಾಪೆಸ್ಟಿನ ಅರ್ಧಕ್ಕಿಂತ ಕಡಿಮೆ. ಪ್ರತಿ ಕೂಟದ ಕೊನೆಗೆ ನಾನು ಕೇಳುತ್ತಿದ್ದ ಪ್ರಶ್ನೆಗಳು ಮೂರು. ಯಾವ ಜಾಗವನ್ನು ಮನೆಯಲ್ಲಿ ಅಭ್ಯಾಸ ಮಾಡಬೇಕಾಗುತ್ತದೆ, ಮತ್ತು ಯಾವ ಜಾಗ ನುಡಿಸುವಾಗ ಸಂತೋಷವಾಯಿತು ಎಂಬುವು ಎರಡು. ಮೂರನೆಯದನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೆಚ್ಚಿನ ತಿದ್ದುಪಡಿಗಳು ಅದರಿಂದಲೇ ಬಂದವು. ಎಣಿಸಿದರೆ ಇನ್ನೂರರ ಹತ್ತಿರ ತಿದ್ದುಪಡಿಗಳಾಗಿದ್ದವು.

ಡಿಸೆಂಬರ್ ಓದಿಗೆ ಹದಿನಾರು ತಂತಿವಾದ್ಯ, ಎಂಟು ಮಂದಿ ಉಳಿದವರು. ಮುಂಬಯಿಯಿಂದ ಓಬೋ ತರಿಸಲು ಹಣ ಸಾಲದೆ ಅದರ ಭಾಗವನ್ನು ಎರಡನೆಯ ಕ್ಲಾರಿನೆಟ್ಟಿಗೂ, ಬಸೂನನ್ನು ಕೀಬೋರ್ಡಿಗೂ ಬರೆದುಕೊಟ್ಟೆ. ತಲೆಗೆ ರೂ. 1,500, ಸಭಾಂಗಣ, ಆರ್ಕೆಸ್ಟ್ರಾ ನಿರ್ವಾಹಕರ (ಕಂಡಕ್ಟರ್) ಗೌರವಧನ, ಊಟ ಎಲ್ಲ ಸೇರಿ ರೂ. 55,000 ಮುಟ್ಟಿತು. ಎರಡು ಗಂಟೆಯಲ್ಲಿ ಕೃತಿಯನ್ನು ಮೂರು ಸಲ ಪೂರ್ತಿ ನುಡಿಸಿದೆವು. ನಲವತ್ತೊಂದನೆಯ ಬಾರಿನಲ್ಲಿ ಫ್ಲೂಟ್ ಹಿಂದಿನ ಗೋಡೆಯವರೆಗೂ ಕೇಳಿಸಿತು. ಆ ಯುವತಿ ನುಡಿಸಿ ಮುಗಿಸಿ ನನ್ನತ್ತ ತಿರುಗಿ ನೋಡಿದರು.

ಎಲ್ಲರೂ ಊಟಕ್ಕೆ ಎದ್ದ ಮೇಲೆ ಸ್ಟ್ಯಾಂಡುಗಳಿಂದ ಪಾರ್ಟ್‌ಗಳನ್ನು ನಾನೇ ಒಟ್ಟುಮಾಡಿದೆ. ನಿರ್ವಾಹಕರನ್ನು ಎಚ್ಚರದಿಂದ ನೋಡಬೇಕಾದ ಜಾಗದಲ್ಲಿ ವಾದಕರು ಪೆನ್ಸಿಲಿನಿಂದ ಪುಟ್ಟದೊಂದು ಕನ್ನಡಕ ಬರೆದುಕೊಳ್ಳುವುದು ರೂಢಿ. ಅಂಥ ಕನ್ನಡಕಗಳು ಏಳು ಜಾಗಗಳಲ್ಲಿದ್ದವು. ಐದು ಕಡೆ ಲಯದ ಬರಹವನ್ನು ಬದಲಾಯಿಸಿ ಆ ಅಗತ್ಯವನ್ನೇ ತೆಗೆದುಹಾಕಿದ್ದೇನೆ. ಉಳಿದ ಎರಡರಲ್ಲಿ ವೇಗ ನಿಧಾನವಾಗುತ್ತದೆ, ಎಲ್ಲರೂ ತಲೆಯೆತ್ತಿ ಒಟ್ಟಿಗೆ ನಿಧಾನಿಸಬೇಕು. ಆ ಎರಡು ಕನ್ನಡಕಗಳನ್ನು ಹೊಸ ಪಾರ್ಟ್‌ಗಳಲ್ಲಿ ನಾನೇ ಅಚ್ಚು ಹಾಕಿಸಿದ್ದೇನೆ.